ಹಳೆಯ ಕಾರಿನ ಎಂಜಿನ್ ದುರಸ್ತಿ: ಕ್ರ್ಯಾಂಕ್‌ಶಾಫ್ಟ್ ಬೇರಿಂಗುಗಳ ಆಯ್ಕೆ ಕುರಿತು ವಾಹನ ಮಾಲೀಕರಿಗೆ ಮಾಹಿತಿ

ಪದ್ಮನಾಭನಗರ, ಬನಶಂಕರಿ, ಜಯನಗರ ಮತ್ತು ಜೆ.ಪಿ. ನಗರ ಬಡಾವಣೆಗಳಲ್ಲಿ ಪ್ರೀಮಿಯರ್ ಪದ್ಮಿನಿ, ಅಂಬಾಸಿಡರ್ ಹಾಗೂ ಮಾರುತಿ 800 ಕಾರುಗಳನ್ನು ಇಂದಿಗೂ ಜತನದಿಂದ ಉಳಿಸಿಕೊಂಡಿರುವ ಕುಟುಂಬಗಳಿವೆ. ಅಂಬಾಸಿಡರ್ ಮತ್ತು ಮಾರುತಿ 800 ಕಾರುಗಳ ತಯಾರಿಕೆ 2014ರಲ್ಲಿ ನಿಂತಿತು. ಪದ್ಮಿನಿಯ ತಯಾರಿಕೆ ಅದಕ್ಕೂ ಬಹಳ ಹಿಂದೆಯೇ ಕೊನೆಗೊಂಡಿತ್ತು. ಇಂತಹ ಕಾರುಗಳ ನೋಂದಣಿಯನ್ನು ನವೀಕರಿಸಲು ಬಯಸುವವರು ಎಂಜಿನ್ ಬಿಚ್ಚಿಸುವ ಮೊದಲು ತಿಳಿದಿರಬೇಕಾದ ಅಂಶಗಳನ್ನು ಇಲ್ಲಿ ವಿವರಿಸಲಾಗಿದೆ.

ನೋಂದಣಿಗೂ ಬೇರಿಂಗಿಗೂ ಇರುವ ಸಂಬಂಧ

ಮೋಟಾರು ವಾಹನಗಳ ಅಧಿನಿಯಮ, 1988ರ ಕಲಂ 41ರ ಪ್ರಕಾರ ಖಾಸಗಿ ಕಾರಿನ ನೋಂದಣಿಯು 15 ವರ್ಷಗಳವರೆಗೆ ಸಿಂಧುವಾಗಿರುತ್ತದೆ. ಆನಂತರ ವಾಹನವನ್ನು ಪರಿಶೀಲನೆಗೆ ಒಳಪಡಿಸಿ, ಪ್ರತಿ ಬಾರಿ 5 ವರ್ಷಗಳಿಗೆ ನವೀಕರಿಸಲು ಅವಕಾಶವಿದೆ. ನೋಂದಣಿ ಪತ್ರದಲ್ಲಿ ಚಾಸಿ ಸಂಖ್ಯೆಯ ಜೊತೆಗೆ ಎಂಜಿನ್ ಸಂಖ್ಯೆಯೂ ದಾಖಲಾಗಿರುತ್ತದೆ.

ಎಂಜಿನ್ ಸಂಖ್ಯೆಯನ್ನು ಸಿಲಿಂಡರ್ ಬ್ಲಾಕಿನ ಮೇಲೆ ಕೊರೆಯಲಾಗಿರುತ್ತದೆ. ಬೇರಿಂಗ್, ಪಿಸ್ಟನ್, ರಿಂಗ್ ಮುಂತಾದ ಸವೆಯುವ ಭಾಗಗಳನ್ನು ಅದೇ ಮಾದರಿಯ ಭಾಗಗಳಿಂದ ಬದಲಾಯಿಸಿದರೆ ಆ ಸಂಖ್ಯೆ ಹಾಗೆಯೇ ಉಳಿಯುತ್ತದೆ. ಆದರೆ ತಪ್ಪು ಬೇರಿಂಗ್ ಹಾಕಿದ ಕಾರಣ ಶಾಫ್ಟ್ ಕಚ್ಚಿಕೊಂಡು, ಕನೆಕ್ಟಿಂಗ್ ರಾಡ್ ಮುರಿದು ಬ್ಲಾಕ್ ಒಡೆದರೆ ಬೇರೆ ಎಂಜಿನ್ ಕೂರಿಸಬೇಕಾಗುತ್ತದೆ. ಆಗ ನೋಂದಣಿ ಪತ್ರದ ವಿವರ ಮತ್ತು ವಾಹನದ ವಿವರ ತಾಳೆಯಾಗುವುದಿಲ್ಲ. ಅಂತಹ ಬದಲಾವಣೆಗೆ ಕಲಂ 52ರ ಉಪಬಂಧಗಳು ಅನ್ವಯವಾಗುವುದರಿಂದ ನೋಂದಣಿ ಪ್ರಾಧಿಕಾರದ ಅನುಮೋದನೆ ಅವಶ್ಯಕ. ಆದ್ದರಿಂದ ಮೂಲ ಎಂಜಿನ್ನನ್ನು ಉಳಿಸಿಕೊಳ್ಳುವುದು ಮಾಲೀಕರಿಗೆ ಎಲ್ಲ ರೀತಿಯಿಂದಲೂ ಹಿತಕರ.

ಬೇರಿಂಗುಗಳ ಕಾರ್ಯ

ಕ್ರ್ಯಾಂಕ್‌ಶಾಫ್ಟ್ ಬ್ಲಾಕಿನಲ್ಲಿ ತಿರುಗುವ ಸ್ಥಳಗಳಲ್ಲಿ ಮೈನ್ ಬೇರಿಂಗುಗಳೂ, ಕನೆಕ್ಟಿಂಗ್ ರಾಡುಗಳು ಅದನ್ನು ಹಿಡಿಯುವ ಸ್ಥಳಗಳಲ್ಲಿ ಬಿಗ್ ಎಂಡ್ ಬೇರಿಂಗುಗಳೂ ಇರುತ್ತವೆ. ಪದ್ಮಿನಿಯ 1089 ಸಿ.ಸಿ. ಮತ್ತು ಹಳೆಯ ಅಂಬಾಸಿಡರಿನ 1489 ಸಿ.ಸಿ. ಪೆಟ್ರೋಲ್ ಎಂಜಿನ್ನುಗಳಲ್ಲಿ ತಲಾ 3 ಮೈನ್ ಹಾಗೂ 4 ಬಿಗ್ ಎಂಡ್ ಬೇರಿಂಗುಗಳಿವೆ. ಮಾರುತಿ 800 ಕಾರಿನ ಮೂರು ಸಿಲಿಂಡರಿನ ಎಂಜಿನ್ನಿನಲ್ಲಿ 4 ಮೈನ್ ಹಾಗೂ 3 ಬಿಗ್ ಎಂಡ್ ಬೇರಿಂಗುಗಳಿವೆ. ಪ್ರತಿಯೊಂದು ಬೇರಿಂಗ್ ಎರಡು ಅರ್ಧ ಚಿಪ್ಪುಗಳಿಂದ ಕೂಡಿರುತ್ತದೆ.

ಎಂಜಿನ್ ಓಡುವಾಗ ಶಾಫ್ಟ್ ಲೋಹಕ್ಕೆ ತಾಗದೆ ಎಣ್ಣೆಯ ತೆಳುಪದರದ ಮೇಲೆ ತಿರುಗುತ್ತದೆ. ಶಾಫ್ಟಿಗೂ ಚಿಪ್ಪಿಗೂ ನಡುವಿನ ತೆರಪು ಕಡಿಮೆಯಾದರೆ ಎಣ್ಣೆಗೆ ಜಾಗವಿಲ್ಲದೆ ಬೇರಿಂಗ್ ಕಚ್ಚಿಕೊಳ್ಳುತ್ತದೆ. ತೆರಪು ಹೆಚ್ಚಾದರೆ ಎಣ್ಣೆಯ ಒತ್ತಡ ಕುಸಿದು ಬಡಿತದ ಶಬ್ದ ಆರಂಭವಾಗುತ್ತದೆ. ಹೆಚ್ಚುವರಿ ಎಣ್ಣೆ ಸಿಲಿಂಡರಿಗೆ ಎರಚಲ್ಪಟ್ಟು ಹೊಗೆಯೂ ಹೆಚ್ಚಬಹುದು. ಎಂಜಿನ್ ಬಿಸಿಯಾದ ಮೇಲೆ ಐಡ್ಲಿಂಗ್ ಸ್ಥಿತಿಯಲ್ಲಿ ಆಯಿಲ್ ದೀಪ ಮಿನುಗುವುದು ಬೇರಿಂಗ್ ಸವೆತದ ಸಾಮಾನ್ಯ ಲಕ್ಷಣಗಳಲ್ಲೊಂದು.

ಮೊದಲು ಅಳತೆ, ಬಳಿಕ ಖರೀದಿ

ಕಾರಿನ ಮಾದರಿಯ ಹೆಸರನ್ನಷ್ಟೇ ಹೇಳಿ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಯಲ್ಲಿ ಬೇರಿಂಗ್ ಖರೀದಿಸುವುದು ಸರಿಯಾದ ಕ್ರಮವಲ್ಲ. ಬೇರಿಂಗಿನ ಅಳತೆಯನ್ನು ನಿರ್ಧರಿಸುವುದು ಆ ಕಾರಿನ ಶಾಫ್ಟ್ ಮಾತ್ರ. ಕೆಳಕಂಡ ಕ್ರಮವನ್ನು ಅನುಸರಿಸತಕ್ಕದ್ದು:

1. ಹಳೆಯ ಚಿಪ್ಪುಗಳನ್ನು ಎಸೆಯದೆ ಅವುಗಳ ಹಿಂಬದಿಯ ಗುರುತನ್ನು ಓದಬೇಕು. ಶಾಫ್ಟನ್ನು ಹಿಂದೆ ಗ್ರೈಂಡಿಂಗ್ ಮಾಡಿಸಲಾಗಿದೆಯೇ ಎಂಬುದು ಅದರಿಂದ ತಿಳಿಯುತ್ತದೆ.

2. ಶಾಫ್ಟಿನ ಪ್ರತಿಯೊಂದು ಜರ್ನಲನ್ನು, ಅಂದರೆ ಬೇರಿಂಗ್ ಹಿಡಿಯುವ ಭಾಗವನ್ನು, ಮೈಕ್ರೋಮೀಟರಿನಿಂದ ಎರಡು ದಿಕ್ಕುಗಳಲ್ಲಿ ಹಾಗೂ ಎರಡೂ ತುದಿಗಳಲ್ಲಿ ಅಳೆಯಿಸಬೇಕು. ಇದರಿಂದ ಸವೆತದ ಪ್ರಮಾಣ ಮಾತ್ರವಲ್ಲದೆ ಅಂಡಾಕಾರ ಮತ್ತು ಓರೆಯೂ ಪತ್ತೆಯಾಗುತ್ತವೆ.

3. ಸವೆತವು ತಯಾರಕರ ಕೈಪಿಡಿಯ ಮಿತಿಯೊಳಗಿದ್ದರೆ ಈಗಿನ ಅಳತೆಯ ಹೊಸ ಚಿಪ್ಪುಗಳೇ ಸಾಕು. ಮಿತಿ ಮೀರಿದ್ದರೆ ಶಾಫ್ಟನ್ನು ಗ್ರೈಂಡಿಂಗ್ ಮಾಡಿಸಿ ಅಂಡರ್ ಸೈಜ್ ಚಿಪ್ಪುಗಳನ್ನು ಹಾಕಬೇಕು. ಇವು ಸಾಮಾನ್ಯವಾಗಿ 0.25, 0.50 ಮತ್ತು 0.75 ಮಿ.ಮೀ. (0.010, 0.020 ಮತ್ತು 0.030 ಅಂಗುಲ) ಅಳತೆಗಳಲ್ಲಿ ದೊರೆಯುತ್ತವೆ.

4. ಆ ಅಳತೆಯ ಚಿಪ್ಪು ಲಭ್ಯವಿದೆಯೆಂದು ಖಚಿತಪಡಿಸಿಕೊಂಡ ಬಳಿಕವೇ ಗ್ರೈಂಡಿಂಗ್ ಮಾಡಿಸಬೇಕು. ಒಮ್ಮೆ ತೆಗೆದ ಲೋಹವನ್ನು ಸುಲಭವಾಗಿ ಮತ್ತೆ ಸೇರಿಸಲಾಗದು.

ಉದಾಹರಣೆ: ಮೂಲದಲ್ಲಿ 50.00 ಮಿ.ಮೀ. ಇದ್ದ ಜರ್ನಲ್ ಒಂದು ಕಡೆ 49.90 ಮಿ.ಮೀ.ಗೆ ಸವೆದಿದ್ದರೆ ಅದನ್ನು 49.75 ಮಿ.ಮೀ.ಗೆ ಇಳಿಸಿ 0.25 ಚಿಪ್ಪು ಹಾಕಬಹುದು. ಸವೆತ 49.70 ಮಿ.ಮೀ. ತಲುಪಿದ್ದರೆ 49.50 ಮಿ.ಮೀ.ಗೆ ಇಳಿಸಿ 0.50 ಚಿಪ್ಪು ಹಾಕಬೇಕಾಗುತ್ತದೆ. ತೆರಪು ಸ್ಥೂಲವಾಗಿ ವ್ಯಾಸದ ಸಾವಿರದ ಒಂದು ಭಾಗ, ಅಂದರೆ ಇಲ್ಲಿ ಸುಮಾರು 0.05 ಮಿ.ಮೀ. ಇರುತ್ತದೆ. ಆದರೆ ಅಂತಿಮವಾಗಿ ಆಯಾ ಎಂಜಿನ್ನಿನ ಕೈಪಿಡಿಯ ಅಂಕಿಯನ್ನೇ ಪಾಲಿಸತಕ್ಕದ್ದು.

ಬೇರಿಂಗಿನ ಲೋಹ

ತವರ ಪ್ರಧಾನವಾದ ಬಿಳಿ ಲೋಹವು ಮೃದುವಾಗಿದ್ದು, ಎಣ್ಣೆಯಲ್ಲಿ ಬಂದ ಕಣಗಳನ್ನು ತನ್ನೊಳಗೆ ಹುದುಗಿಸಿಕೊಂಡು ಶಾಫ್ಟನ್ನು ಕಾಪಾಡುತ್ತದೆ. ಆದರೆ ಹೆಚ್ಚಿನ ಭಾರ ತಡೆಯದು. ತಾಮ್ರ-ಸೀಸದ ಚಿಪ್ಪು ಹೆಚ್ಚು ಭಾರ ತಡೆಯುತ್ತದೆ; ಅದರ ಮೇಲಿನ ಮೃದು ಲೇಪ ಸವೆದರೆ ಒಳಗಿನ ಗಡುಸು ಲೋಹ ಶಾಫ್ಟನ್ನು ಉಜ್ಜುತ್ತದೆ. ಅಲ್ಯೂಮಿನಿಯಂ-ತವರದ ಚಿಪ್ಪು ಇವೆರಡರ ನಡುವಿನ ಗುಣವುಳ್ಳದ್ದು. ಗಡುಸಾದ ಬೇರಿಂಗ್ ಹೆಚ್ಚು ಬಾಳುತ್ತದೆಂಬ ನಂಬಿಕೆ ಎಲ್ಲ ಎಂಜಿನ್ನುಗಳಿಗೂ ಸಲ್ಲದು. ಮೇಲ್ಮೈ ಗಡುಸುಗೊಳಿಸದ ಹಳೆಯ ಶಾಫ್ಟಿಗೆ ಗಡುಸು ಚಿಪ್ಪು ಹಾಕಿದರೆ ಚಿಪ್ಪು ಉಳಿದು ಶಾಫ್ಟ್ ಸವೆಯಬಹುದು. ತಯಾರಕರು ಸೂಚಿಸಿದ ಲೋಹವೇ ಸೂಕ್ತ.

ಜೋಡಣೆಯ ವೇಳೆ ಗಮನಿಸಬೇಕಾದವು

ಗ್ರೈಂಡಿಂಗ್ ಬಳಿಕ ಜರ್ನಲಿನ ಅಂಚಿನ ದುಂಡು ತಿರುವು ಉಳಿದಿರಬೇಕು; ಅದು ಚೂಪಾದರೆ ಅಲ್ಲಿಂದಲೇ ಶಾಫ್ಟ್ ಬಿರುಕು ಬಿಡಬಹುದು. ಎಣ್ಣೆಯ ನಾಳಗಳಿಂದ ಲೋಹದ ಪುಡಿಯನ್ನು ಪೂರ್ಣವಾಗಿ ತೊಳೆಯಿಸಬೇಕು. ಚಿಪ್ಪಿನ ರಂಧ್ರ ಬ್ಲಾಕಿನ ಎಣ್ಣೆ ರಂಧ್ರಕ್ಕೆ ಸರಿಹೊಂದಬೇಕು. ಬೇರಿಂಗನ್ನು ಬಿಗಿಗೊಳಿಸಲು ಕ್ಯಾಪನ್ನು ಅರದಿಂದ ಉಜ್ಜುವುದಾಗಲಿ, ಚಿಪ್ಪಿನ ಹಿಂದೆ ಕಾಗದ ಇಡುವುದಾಗಲಿ ಸಲ್ಲದು. ಬೋಲ್ಟುಗಳನ್ನು ಟಾರ್ಕ್ ರೆಂಚಿನಿಂದಲೇ ಬಿಗಿಗೊಳಿಸಬೇಕು.

ಅರ್ಜಿದಾರರಿಗೆ ಸೂಚನೆ

ನೋಂದಣಿ ನವೀಕರಣದ ಅರ್ಜಿಯನ್ನು ನಮೂನೆ-25ರಲ್ಲಿ, ಅವಧಿ ಮುಗಿಯುವ 60 ದಿನಗಳೊಳಗಾಗಿ ಸಲ್ಲಿಸಬೇಕು. ಅದಕ್ಕಿಂತ ಮುಂಚಿತವಾಗಿ ಸಲ್ಲಿಸುವಂತಿಲ್ಲ. ಎಂಜಿನ್ ಕೆಲಸಕ್ಕೆ ಸಾಕಷ್ಟು ಸಮಯ ಬೇಕಾಗುವುದರಿಂದ ಅದನ್ನು ಮೊದಲೇ ಪೂರೈಸಿಕೊಳ್ಳುವುದು ಉಚಿತ. ಬಿಡಿಭಾಗಗಳ ಹಾಗೂ ಲೇತ್ ಕೆಲಸದ ರಸೀದಿಗಳನ್ನು, ಅಳತೆಗಳನ್ನು ಬರೆದ ಚೀಟಿಯೊಂದಿಗೆ ಕಾಯ್ದಿರಿಸಿಕೊಳ್ಳಬೇಕು. ಎಂಜಿನ್ ಸಂಖ್ಯೆ ಕೊರೆದ ಜಾಗವನ್ನು ಉಜ್ಜದಂತೆ, ಅದರ ಮೇಲೆ ದಪ್ಪ ಬಣ್ಣ ಬಳಿಯದಂತೆ ಗ್ಯಾರೇಜಿನವರಿಗೆ ಮುಂಚಿತವಾಗಿ ತಿಳಿಸಬೇಕು.

50 ವರ್ಷ ಮೀರಿದ ಕಾರುಗಳನ್ನು 2021ರಲ್ಲಿ ಜಾರಿಗೆ ಬಂದ ನಿಯಮಗಳ ಅನ್ವಯ ವಿಂಟೇಜ್ ವಾಹನಗಳಾಗಿ ನೋಂದಾಯಿಸಲು ಅವಕಾಶವಿದೆ. ಅಂತಹ ವಾಹನವು ಮೂಲ ರೂಪದಲ್ಲಿರಬೇಕು. ಅದರ ಚಾಸಿ, ಬಾಡಿ ಅಥವಾ ಎಂಜಿನ್ನಿನಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು. ಈ ಸೌಲಭ್ಯ ಬಯಸುವವರು ಎಂಜಿನ್ ಬಿಚ್ಚಿಸುವ ಮೊದಲೇ ನೋಂದಣಿ ಪ್ರಾಧಿಕಾರದಿಂದ ಸ್ಪಷ್ಟನೆ ಪಡೆಯುವುದು ಸೂಕ್ತ.