ಹೊಸ ತಳಿ: ಯಾರ ಮಾತು ನಂಬಬೇಕು?

ಅಮೆರಿಕೆಯ ಅಯೋವಾ ರಾಜ್ಯದಲ್ಲಿ ಹೈಬ್ರಿಡ್ ಗೋವಿನಜೋಳ ಹರಡಿದ ಬಗೆಯನ್ನು ರಯಾನ್ ಮತ್ತು ಗ್ರಾಸ್ ಎಂಬ ವಿಜ್ಞಾನಿಗಳು 259 ರೈತರಿಂದ ಕೇಳಿ ತಿಳಿದು 1943ರಲ್ಲಿ ಪ್ರಕಟಿಸಿದರು. ಸುದ್ದಿ ತಂದವರು ಹೆಚ್ಚಾಗಿ ಬೀಜ ಮಾರುವವರು. ಮನಸ್ಸು ಒಪ್ಪಿಸಿದವರು ನೆರೆಯ ರೈತರು. ಆದರೂ ಹೆಚ್ಚಿನವರು ಮೊದಲು ಸ್ವಲ್ಪ ಜಾಗದಲ್ಲಷ್ಟೇ ಬಿತ್ತಿ ನೋಡಿದರು.

ಹಾವೇರಿ, ರಾಣೇಬೆನ್ನೂರು ಭಾಗದ ಗೋವಿನಜೋಳಕ್ಕೂ ಇದೇ ಕ್ರಮ ಒಳ್ಳೆಯದು. ಅಂಗಡಿಯವರ ಮಾತು ನಂಬಿ ಇಡೀ ಹೊಲಕ್ಕೆ ಹೊಸ ತಳಿ ಹಾಕಬೇಡಿ. ನಮ್ಮ ಮಾತಿಗೂ ಅಷ್ಟೇ. ನಾಲ್ಕು ಗುಂಟೆಯಲ್ಲಿ ಹೊಸದು, ಪಕ್ಕದ ನಾಲ್ಕು ಗುಂಟೆಯಲ್ಲಿ ನಿಮ್ಮ ರೂಢಿಯ ತಳಿ ಬಿತ್ತಿರಿ. ಗೊಬ್ಬರ, ಆರೈಕೆ ಒಂದೇ ಇರಲಿ. ರಾಶಿಯನ್ನು ಬೇರೆ ಬೇರೆ ತೂಗಿರಿ. ಬ್ಯಾಡಗಿ ಮೆಣಸಿನಕಾಯಿಗೆ ತೂಕವೊಂದೇ ಸಾಲದು; ಪೇಟೆಯಲ್ಲಿ ಬಣ್ಣಕ್ಕೂ ಬೆಲೆಯುಂಟು. ಬೆಳೆ ಕೈಕೊಟ್ಟರೂ ನೆರೆಯವರಿಗೆ ತಿಳಿಸಿರಿ. ಅವರು ನಂಬುವುದು ನಿಮ್ಮನ್ನೇ.