ಮನೆಯ ಚಿತ್ರಮಂದಿರಕ್ಕೆ ಕಿರಿದಾದ ಸಬ್‌ವೂಫರ್

ನಮ್ಮ ಕೈಲಾಂಚವಿರುವ ತಾಲ್ಲೂಕಿನಲ್ಲಿಯೇ, ರಾಮದೇವರ ಬೆಟ್ಟದ ಬಂಡೆಗಳ ನಡುವೆ ಚಿತ್ರಿತವಾದ ‘ಶೋಲೆ’ಯು 1975ನೆಯ ಇಸವಿಯಲ್ಲಿ ತೆರೆಗೆ ಬಂದಾಗ, ಅದರ 70 ಮಿಲಿಮೀಟರ್ ಪ್ರತಿಗಳ ಸ್ಟೀರಿಯೋ ನಾದವು ದೊಡ್ಡ ಚಿತ್ರಮಂದಿರಗಳಿಗೆ ಮಾತ್ರ ಮೀಸಲಾದ ಸೊಗಸಾಗಿದ್ದಿತು. ಈಗ ಅದನ್ನೇ ಮನೆಯ ಗೋಡೆಯ ಟಿ.ವಿ.ಯಲ್ಲಿ ನೋಡುವವರು ಬಹು ಮಂದಿ. ಚಿತ್ರವೇನೋ ಹಿರಿದಾಗಿದೆ, ಆದರೆ ತೆಳ್ಳನೆಯ ಟಿ.ವಿ.ಯೊಳಗಿನ ಸಣ್ಣ ಸ್ಪೀಕರುಗಳಿಂದ ಕುದುರೆಗಳ ಓಟವು ತಗಡಿನ ಡಬ್ಬಿಯನ್ನು ತಟ್ಟಿದಂತೆ ಕೇಳುವುದು. ಈ ಕೊರತೆಯನ್ನು ತುಂಬುವುದೇ ಸಬ್‌ವೂಫರಿನ ಕೆಲಸ. ಅದನ್ನು ಕೊಳ್ಳಬೇಕೆಂದಿರುವ ಹಳೆಯ ವಿದ್ಯಾರ್ಥಿನಿಯರಿಗೂ ತಾಯ್ತಂದೆಗಳಿಗೂ ನೆರವಾದೀತೆಂದು ಈ ಮಾತುಗಳನ್ನು ಬರೆಯುತ್ತೇನೆ.

ಮನುಷ್ಯರ ಕಿವಿಯು ಸೆಕೆಂಡಿಗೆ ಸುಮಾರು 20ರಿಂದ 20,000 ಕಂಪನಗಳವರೆಗಿನ ನಾದವನ್ನು ಗ್ರಹಿಸಬಲ್ಲುದು. ಗುಡುಗು, ಡೊಳ್ಳಿನ ಪೆಟ್ಟು ಮುಂತಾದವುಗಳ ತೀರ ತಗ್ಗಿನ ಭಾಗ, ಅಂದರೆ 20ರಿಂದ ಸುಮಾರು 120ರವರೆಗಿನದು, ಸಬ್‌ವೂಫರಿನ ಪಾಲು. 40 ಕಂಪನಗಳ ನಾದದ ಒಂದೊಂದು ಅಲೆಯೂ ಸುಮಾರು 28 ಅಡಿ ಉದ್ದವಾಗಿರುವುದು. ಇಂತಹ ಅಲೆಯನ್ನೆಬ್ಬಿಸಲು ಬಹಳ ಗಾಳಿಯನ್ನು ತಳ್ಳಬೇಕು. 12 ಅಂಗುಲದ ಕೋನು ತಳ್ಳುವಷ್ಟು ಗಾಳಿಯನ್ನು 8 ಅಂಗುಲದ ಕೋನು ತಳ್ಳಬೇಕಾದರೆ ಅದು ಎರಡೂಕಾಲು ಪಟ್ಟು ದೂರ ಚಲಿಸಬೇಕು. ನಾದವು ಒಂದು ಸ್ಥಾಯಿ ಕೆಳಗಿಳಿದೂ ಅಷ್ಟೇ ಬಲದಿಂದಿರಬೇಕಾದರೆ ಗಾಳಿಯು ನಾಲ್ಮಡಿಯಾಗಬೇಕು. ಸಾಲದುದಕ್ಕೆ ಚಿಕ್ಕ ಪೆಟ್ಟಿಗೆಯೊಳಗಣ ಗಾಳಿಯು ಬಿಗಿಯಾದ ಸ್ಪ್ರಿಂಗಿನಂತೆ ಕೋನನ್ನು ತಡೆಯುವುದು. ಆದುದರಿಂದ ಪೆಟ್ಟಿಗೆಯ ಚಿಕ್ಕತನ, ಮಂದ್ರದ ಆಳ, ಶಕ್ತಿಯ ಮಿತವ್ಯಯ, ಈ ಮೂರೂ ಒಂದೆಡೆ ದೊರೆಯಲಾರವು. ಮೂರೂ ಉಂಟೆಂದು ಹೇಳುವ ಅಂಗಡಿಯವರ ಮಾತನ್ನು ನಾನಂತೂ ನಂಬೆನು.

ಡಬ್ಬದ ಮೇಲೆ ದೊಡ್ಡಕ್ಷರಗಳಲ್ಲಿ ಮುದ್ರಿಸಿದ ವಾಟ್‌ಗಳ ಸಂಖ್ಯೆಗೆ ಮರುಳಾಗಬಾರದು. ಅದು ಅನೇಕ ವೇಳೆ ಕ್ಷಣಮಾತ್ರದ ಗರಿಷ್ಠ ಶಕ್ತಿ. ನಾದವು ಎಷ್ಟು ಹರ್ಟ್ಸ್‌ವರೆಗೆ, ಎಷ್ಟು ಡೆಸಿಬೆಲ್ ಏರಿಳಿತದೊಳಗೆ ಇಳಿಯುವುದೆಂಬುದನ್ನು ಕೇಳತಕ್ಕದ್ದು. ರಂಧ್ರವುಳ್ಳ ಪೆಟ್ಟಿಗೆಯು ಅದೇ ಶಕ್ತಿಯಲ್ಲಿ ಹೆಚ್ಚು ಮೊಳಗುವುದು, ಆದರೆ ಗಾತ್ರವನ್ನು ಬೇಡುವುದು. ಮುಚ್ಚಿದ ಪೆಟ್ಟಿಗೆ ಚಿಕ್ಕದಾಗಿರಬಲ್ಲುದು. ಹತ್ತಡಿಗೆ ಹನ್ನೆರಡಡಿಯ ಕೋಣೆಗೆ 8 ಅಥವಾ 10 ಅಂಗುಲದ ಮುಚ್ಚಿದ ಪೆಟ್ಟಿಗೆಯೇ ಸಾಕೆಂಬುದು ನನ್ನ ಅಭಿಪ್ರಾಯ. ಚಿಕ್ಕ ಕೋಣೆಯ ಗೋಡೆಗಳೇ ಮಂದ್ರಕ್ಕೆ ಬಲ ಕೊಡುವುವು.

ಕೊಂಡ ಮೇಲೆ ಇರಿಸುವ ಸ್ಥಳವೇ ಮುಖ್ಯ. ಮೂಲೆಯಲ್ಲಿ ಇಟ್ಟರೆ ನಾದವು ಹೆಚ್ಚುವುದು, ಕೆಲವೊಮ್ಮೆ ಅತಿಯಾಗಿ ಗುಂಯ್‌ಗುಡುವುದು. ಇದಕ್ಕೊಂದು ಸುಲಭೋಪಾಯವುಂಟು. ಪೆಟ್ಟಿಗೆಯನ್ನು ನೀವು ಕುಳಿತುಕೊಳ್ಳುವ ಕುರ್ಚಿಯ ಮೇಲಿರಿಸಿ, ಮಂದ್ರವಾದ್ಯವುಳ್ಳ ಹಾಡನ್ನು ಹಾಕಿ, ಗೋಡೆಯಂಚಿನಲ್ಲಿ ಬಗ್ಗಿ ನಡೆಯುತ್ತ ಕೇಳಿರಿ. ಎಲ್ಲಿ ನಾದವು ತಿಳಿಯಾಗಿರುವುದೋ ಅಲ್ಲಿಯೇ ಪೆಟ್ಟಿಗೆಯ ಜಾಗ. (ಮಕ್ಕಳು ನಗುವರು, ನಗಲಿ.) ಷೋಕೇಸಿನ ಸ್ಟೀಲ್ ಲೋಟಗಳು ಗಲಗಲಿಸುವುದಾದರೆ ಕೆಳಗೆ ಬಟ್ಟೆ ಹಾಸಿರಿ.

ಮಂದ್ರನಾದವು ಗೋಡೆಯನ್ನು ದಾಟುವುದೆಂಬುದನ್ನು ಮೊದಲೇ ಎಣಿಸತಕ್ಕದ್ದು. ಅಡಿಯ ರಬ್ಬರ್ ಬಿಲ್ಲೆಗಳು ನೆಲದ ನಡುಕವನ್ನು ತಗ್ಗಿಸುವುವೇ ಹೊರತು ಗಾಳಿಯಲ್ಲಿ ಸಾಗುವ ನಾದವನ್ನಲ್ಲ. ಪಕ್ಕದ ಕೋಣೆಯಲ್ಲಿ ಹತ್ತನೆಯ ತರಗತಿಯ ಹುಡುಗಿಯು ಓದುತ್ತಿದ್ದರೆ, ಅಥವಾ ವೃದ್ಧರು ಮಲಗಿದ್ದರೆ, ಟಿ.ವಿ.ಯ ಧ್ವನಿಯನ್ನು ತಗ್ಗಿಸಿದರೆ ಸಾಲದು, ಸಬ್‌ವೂಫರಿನ ತಿರುಪನ್ನೇ ಇಳಿಸಬೇಕು. ಪಾತ್ರಗಳ ಮಾತು ಮಸುಕಾಗಿ ಕೇಳಿದಾಗಲೂ ಮೊದಲು ತಿರುಗಿಸತಕ್ಕದ್ದು ಅದೇ ತಿರುಪನ್ನು.