ಸೂಳೆಕೆರೆಯ ನೀರುಗಂಟಿಗೆ ಯಾವ ಪದಕ?

ಬೆಳಗಿನ ಬಿಸಿಲು ಇನ್ನೂ ಗುಡ್ಡದ ನೆತ್ತಿ ಇಳಿಯದ ಹೊತ್ತಿಗೆ ಸೂಳೆಕೆರೆಯ ಏರಿ ಹತ್ತಿ ನಿಲ್ಲಿ. ಒಂದು ಮಗ್ಗುಲಿಗೆ ಕಣ್ಣು ಸೋಲುವಷ್ಟು ನೀರು, ಇನ್ನೊಂದು ಮಗ್ಗುಲ ತಗ್ಗಿನಲ್ಲಿ ಅಡಿಕೆ ತೋಟದ ಕಪ್ಪು ಹಸಿರು, ಅದರಾಚೆ ಭತ್ತದ ಗದ್ದೆ. ಜೊಂಡು, ಕೆಸರು, ಒಣಗಹಾಕಿದ ಮೀನುಬಲೆ ಎಲ್ಲದರ ವಾಸನೆ ಬೆರೆತ ಗಾಳಿ ಮುಖಕ್ಕೆ ಬಡಿಯುತ್ತದೆ. ಎರಡು ಗುಡ್ಡಗಳ ನಡುವಿನ ಕಿಂಡಿ ಮುಚ್ಚಿ, ಹರಿದ್ರಾ ಹಳ್ಳವನ್ನು ತಡೆದ ಈ ಏರಿ ಉದ್ದಕ್ಕಿಂತ ಅಗಲದಲ್ಲೇ ಬೆರಗು ಹುಟ್ಟಿಸುತ್ತದೆ. ಕಟ್ಟಿಸಿದವಳು ಶಾಂತವ್ವ ಎಂದು ಊರವರು ಹೇಳುತ್ತಾರೆ. ಕೆರೆ ತುಂಬಿದಾಗ ನೀರು ಹರಡುವುದು ಸುಮಾರು 6,500 ಎಕರೆ.

ಕಾಲುವೆ ಗುಂಟ ಪಂಚೆ ಎತ್ತಿ ಕಟ್ಟಿ, ಹೆಗಲಿಗೆ ಗುದ್ದಲಿ ಇಟ್ಟು ಸೌಡಿಯೊಬ್ಬರು, ಅಂದರೆ ನೀರುಗಂಟಿ, ಬರುತ್ತಾರೆ. ಸಿಕ್ಕಿಕೊಂಡ ಕಳೆಯನ್ನು ಕೋಲಿನಿಂದ ಎಳೆದು ದಡಕ್ಕೆ ಹಾಕುತ್ತಾರೆ, ಏಡಿ ಕೊರೆದ ತೂತಿಗೆ ಮಣ್ಣು ತುಳಿಯುತ್ತಾರೆ, ನೀರಿನ ಸದ್ದು ಕೇಳಿಯೇ ಎಲ್ಲೋ ಮಡುವು ಒಡೆದಿದೆ ಎಂದು ಹೇಳಬಲ್ಲರು. ಸಿದ್ಧ, ಬಸವ ಎಂಬ ಎರಡು ತೂಬುಗಳಿಂದ ಹೊರಬೀಳುವ ನೀರು ಕೊನೆಯ ಗದ್ದೆಯವರೆಗೆ ಹೋಗುವುದು ಇಂಥವರ ಕಾಲ ಬಲದಿಂದ.

ಇಂಥ ದುಡಿಮೆಗೆ ಪದಕ ಎಲ್ಲಿ? ಬಿಳಿಯರ ರಾಜ್ಯದಲ್ಲಿ ಏಳನೇ ಎಡ್ವರ್ಡ್ 1902ರಲ್ಲಿ 'ಇಂಪೀರಿಯಲ್ ಸರ್ವಿಸ್ ಆರ್ಡರ್' ತಂದ. ದೀರ್ಘಕಾಲ ನಿಷ್ಠೆಯಿಂದ ದುಡಿದ ಸರ್ಕಾರಿ ನೌಕರರಿಗೆ ಅದು. ಕೆಳಗಿನ ದರ್ಜೆಯವರಿಗೆ ಅದೇ ಹೆಸರಿನ ಬೇರೆ ಮೆಡಲ್. ನಿಷ್ಠೆಯಲ್ಲೂ ದರ್ಜೆ ನೋಡುವ ಜಾಣತನ ಅವರದು! ನಮ್ಮ ಮೈಸೂರು ಮಹಾರಾಜರು 'ರಾಜಸೇವಾಸಕ್ತ' ಬಿರುದು ಕೊಡುತ್ತಿದ್ದರು, 1938ರಲ್ಲಿ ಬಿ.ಎಂ. ಶ್ರೀಕಂಠಯ್ಯನವರಿಗೆ ಬಂತು. ನೀರುಗಂಟಿಯ ಎದೆಗೆ ಮಾತ್ರ ಯಾವ ಪದಕವೂ ಏರಲಿಲ್ಲ. ಅವನಿಗಿದ್ದದ್ದು ಇನಾಮಿನ ತುಂಡು ನೆಲ, ಸುಗ್ಗಿಯ ಕಣದಲ್ಲಿ ಅಳೆದು ಹಾಕುವ ಆಯದ ಕಾಳು. ನನಗೆ ಕೇಳಿದರೆ, ಚಿನ್ನದ ನೀರು ಕುಡಿಸಿದ ಬಿಲ್ಲೆಗಿಂತ ಆ ಕಾಳೇ ವಾಸಿ, ಹೊಟ್ಟೆಗಾದರೂ ಆಗುತ್ತಿತ್ತು.

ಹಳ್ಳಿಯ ವಂಶಪಾರಂಪರ್ಯದ ಹುದ್ದೆಗಳನ್ನು ರದ್ದು ಮಾಡಿದ 1961ರ ಕಾಯ್ದೆ 1963ರ ಫೆಬ್ರುವರಿ 1ರಂದು ಜಾರಿಗೆ ಬಂತು. ತೋಟಿ, ತಳವಾರ, ನೀರುಗಂಟಿ ಕೆಲಸಗಳು ತಂದೆಯಿಂದ ಮಗನಿಗೆ ಇಳಿಯುವುದು ನಿಂತಿತು. ಬಿರುದುಗಳಿಗೆ ಅದಕ್ಕೂ ಮೊದಲೇ ಸಂವಿಧಾನದ 18ನೇ ವಿಧಿ ತೆರೆ ಎಳೆದಿತ್ತು. ಈಗ ಏಪ್ರಿಲ್ 21ರ ಸರ್ಕಾರಿ ನೌಕರರ ದಿನದಂದು ಸರ್ವೋತ್ತಮ ಸೇವಾ ಪ್ರಶಸ್ತಿ ಕೊಡುತ್ತಾರೆ, ಶಾಲು ಹೊದಿಸುತ್ತಾರೆ.

ಅಷ್ಟರಲ್ಲಿ ಬದುವಿನ ಮೇಲಿಂದ ಒಬ್ಬ ಕೂಗುತ್ತಾನೆ: "ಯಣ್ಣಾ, ಈ ಸರ್ತಿ ನಮ್ ಕಡೀಗೆ ಮೊದ್ಲು ಬಿಡೋ!" ಗುದ್ದಲಿ ಕೆಳಗಿಡದೆ ಸೌಡಿ ಉತ್ತರ ಕೊಡುತ್ತಾರೆ: "ಸರದಿ ಬರ್ಲಿ ತಮ್ಮಾ, ನಿಮ್ಮಪ್ಪ ಕೇಳಿದ್ರೂ ಇದೇ ಹೇಳ್ತಿದ್ದೆ."